ನಾಮವಾದ ನಿರಾಕರಿಸುವುದು ಏನನ್ನು? ಒಕಮ್, ಕ್ವೈನ್, 'ಬರೀ ಹಣೆಪಟ್ಟಿ' ಮೂರೂ ಒಂದೇನಾ?

ಓದುಗಮಿತ್ರ (ಪ್ರಶ್ನೆ)

ನಾಮವಾದ, ಅಂದರೆ ನಾಮಿನಲಿಸಂ, ಒಂದೊಂದು ಕಡೆ ಒಂದೊಂದು ಥರ ಕಾಣುತ್ತಿದೆ. ಮಧ್ಯಯುಗದ ಚರಿತ್ರೆ ತೆಗೆದರೆ ಒಕಮ್ ನಾಮವಾದಿ: 'ಮನುಷ್ಯತ್ವ', 'ಕೆಂಪುತನ' ಅಂತ ಹೊರಗೆ ಏನೂ ಇಲ್ಲ, ಇರುವುದು ಬಿಡಿ ವಸ್ತುಗಳಷ್ಟೇ ಅಂದವನು. ಗಣಿತದ ತತ್ತ್ವಶಾಸ್ತ್ರಕ್ಕೆ ಬಂದರೆ ಸಂಖ್ಯೆ ಇಲ್ಲ, ಗಣ (ಸೆಟ್) ಇಲ್ಲ ಅನ್ನುವವರು ನಾಮವಾದಿಗಳು. ಮನಶ್ಶಾಸ್ತ್ರದ ಚರ್ಚೆಗಳಲ್ಲಿ 'ಖಿನ್ನತೆ ಬರೀ ಒಂದು ಹಣೆಪಟ್ಟಿ' ಅಂದರೆ ಅದಕ್ಕೂ ಇದೇ ಹೆಸರು.

ಇವು ಮೂರೂ ಒಂದೇ ಮಾತೇ? ಅಮೆರಿಕದ ತತ್ತ್ವಜ್ಞ ಕ್ವೈನ್ ಒಂದು ಕಡೆ ನಾಮವಾದಿ, ಇನ್ನೊಂದು ಕಡೆ ಗಣಗಳು ಇದ್ದೇ ಇವೆ ಅನ್ನುವವರು; ಯಾವುದು ಸರಿ? ನಾಮವಾದಿಯ ಪ್ರಕಾರ ಗುಲಾಬಿ ಕೆಂಪಗೇ ಇಲ್ಲವೇ? ಹಾಗಿದ್ದರೆ ಇದು ಒಂದು ನಿಮಿಷ ನಿಲ್ಲುವ ವಾದವಲ್ಲ. ಘೋಷಣೆ ಬೇಡ, ವಾಕ್ಯ ಇಟ್ಟು ತೋರಿಸಿ: ನಾಮವಾದಿ ಯಾವುದನ್ನು ನಿಭಾಯಿಸುತ್ತಾನೆ, ಎಲ್ಲಿ ಸಿಕ್ಕಿಬೀಳುತ್ತಾನೆ?

ಬಿಂದುರೇಖೆ

ಮೂರೂ ಒಂದೇ ಅಲ್ಲ. ಮೂರನೆಯದನ್ನು ಬೇರೆ ಯಾರಾದರೂ ಎತ್ತಿಕೊಳ್ಳಲಿ, ಮೊದಲೆರಡರ ಬಗ್ಗೆ ಹೇಳುತ್ತೇನೆ. ಅಲ್ಲಿ ಎರಡು ಬೇರೆ ನಿರಾಕರಣೆಗಳಿವೆ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಬಹುದು.

ಒಂದು, ಸಾಮಾನ್ಯಗಳ ನಿರಾಕರಣೆ. ತಾನು ಒಂದೇ ಆಗಿದ್ದು ಏಕಕಾಲಕ್ಕೆ ಅನೇಕ ವಸ್ತುಗಳಲ್ಲಿ ಇಡಿಯಾಗಿ ಇರಬಲ್ಲದ್ದು ಸಾಮಾನ್ಯ. ಈ ಗುಲಾಬಿಯ ಕೆಂಪು, ಆ ರಕ್ತದ ಹನಿಯ ಕೆಂಪು ಎರಡೂ ಅಕ್ಷರಶಃ ಅದೇ ಕೆಂಪು ಎಂದಾದರೆ ಆ ಕೆಂಪು ಸಾಮಾನ್ಯ. ಎರಡು, ಅಮೂರ್ತ ವಸ್ತುಗಳ ನಿರಾಕರಣೆ. ದೇಶಕಾಲದಲ್ಲಿ ಎಲ್ಲೂ ಇಲ್ಲದ, ಯಾವುದಕ್ಕೂ ಕಾರಣವಾಗದ ವಸ್ತು ಅಮೂರ್ತ. 7 ಎಂಬ ಸಂಖ್ಯೆ ಅಂಥದ್ದು. ಅದು ಅಮೂರ್ತ, ಆದರೆ ಸಾಮಾನ್ಯ ಅಲ್ಲ. ಅದೊಂದು ಬಿಡಿ ವಸ್ತು, ಯಾವುದರೊಳಗೂ ನೆಲೆಸಿಲ್ಲ.

ಈಗ ಹೆಸರುಗಳನ್ನು ಇಟ್ಟು ನೋಡಿ. ಡೇವಿಡ್ ಆರ್ಮ್‌ಸ್ಟ್ರಾಂಗ್ 1978ರಲ್ಲಿ ಎರಡು ಸಂಪುಟ ಬರೆದು ಸಾಮಾನ್ಯಗಳ ಪರ ನಿಂತರು. ಆದರೆ ಅವರ ಸಾಮಾನ್ಯಗಳು ವಸ್ತುಗಳೊಳಗೇ ಇರುವಂಥವು. ದೇಶಕಾಲದ ಆಚೆ ಏನಾದರೂ ಇದೆ ಅನ್ನುವುದನ್ನು ಅವರು ಒಪ್ಪಲಿಲ್ಲ. ಕ್ವೈನ್ ತಿರುಗುಮುರುಗು. 1947ರಲ್ಲಿ ನೆಲ್ಸನ್ ಗುಡ್‌ಮನ್ ಜತೆ ಬರೆದ ಲೇಖನದಲ್ಲಿ ಅಮೂರ್ತ ವಸ್ತುಗಳನ್ನು ನಂಬುವುದಿಲ್ಲ ಎಂದೇ ಶುರು ಮಾಡಿದರು. ಆಮೇಲೆ, ವಿಜ್ಞಾನಕ್ಕೆ ಗಣಿತ ಬೇಕೇಬೇಕು, ಗಣಿತಕ್ಕೆ ಗಣಗಳು ಬೇಕು ಅನ್ನುವ ಕಾರಣಕ್ಕೆ ಗಣಗಳನ್ನು ಒಪ್ಪಿಕೊಂಡರು. ಗುಣಗಳನ್ನು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಎರಡು ಗಣ ಒಂದೇ ಹೌದೋ ಅಲ್ಲವೋ ಎಂದು ಸದಸ್ಯರನ್ನು ನೋಡಿ ತೀರ್ಮಾನಿಸಬಹುದು. ಎರಡು ಗುಣ ಒಂದೇ ಹೌದೋ ಅಲ್ಲವೋ ಅನ್ನಲು ಅಂಥ ಅಳತೆಗೋಲು ಇಲ್ಲ ಎಂಬುದು ಅವರ ಆಕ್ಷೇಪ. ಹೀಗಾಗಿ ನೀವು ಓದಿದ ಎರಡೂ ವಿವರಣೆ ಸರಿ: ಕ್ವೈನ್ ಮೊದಲ ಅರ್ಥದಲ್ಲಿ ನಾಮವಾದಿ, ಎರಡನೆಯ ಅರ್ಥದಲ್ಲಿ ಅಲ್ಲ.

ಗುಡ್‌ಮನ್ ಇನ್ನೂ ಬಿಗಿ. ಅದೇ ಮೂಲ ಘಟಕಗಳಿಂದ ಎರಡು ಬೇರೆ ವಸ್ತುಗಳನ್ನು ಕಟ್ಟಲಾಗದು ಎಂಬುದು ಅವರ ನಿಯಮ. ಅಂಥ ಮೂರು ಮೂಲ ಘಟಕಗಳಿದ್ದರೆ ಅವನ್ನು ಕೂಡಿಸಿ ಸಿಗುವ ವಸ್ತುಗಳು 7, ಅಂದರೆ 2ರ ಘಾತ 3ರಲ್ಲಿ 1 ಕಳೆದಷ್ಟು. ಅಲ್ಲಿಗೆ ಮುಗಿಯಿತು. ಗಣಸಿದ್ಧಾಂತದಲ್ಲಿ ಅದೇ ಮೂರರಿಂದ 8 ಉಪಗಣ, ಆ 8ರಿಂದ 256, ಹೀಗೆ ಕೊನೆಯೇ ಇಲ್ಲ. ಒಳಗಿನ ಸರಕು ಅಷ್ಟೇ ಇದ್ದೂ ವಸ್ತುಗಳು ಬೆಳೆಯುತ್ತಲೇ ಹೋಗುವುದನ್ನು ಗುಡ್‌ಮನ್ ಸಹಿಸಲಿಲ್ಲ.

ಇನ್ನು ಗುಲಾಬಿ. ಅದು ಕೆಂಪಗಿದೆ ಅನ್ನುವುದನ್ನು ಯಾವ ನಾಮವಾದಿಯೂ ಅಲ್ಲಗಳೆಯುವುದಿಲ್ಲ. 'ಗುಲಾಬಿ ಕೆಂಪಗಿದೆ' ಅನ್ನುವ ಮಾತು ನಿಜವಾಗಲು ಗುಲಾಬಿಯ ಜತೆಗೆ ಕೆಂಪುತನ ಎಂಬ ಇನ್ನೊಂದು ವಸ್ತುವೂ ಬೇಕು ಅನ್ನುವುದನ್ನು ಅಲ್ಲಗಳೆಯುತ್ತಾನೆ. ಹಾಗಾದರೆ ಅದು ನಿಜವಾಗುವುದು ಯಾವುದರಿಂದ? ಇಲ್ಲಿಂದ ನಾಮವಾದಿಗಳ ದಾರಿ ಕವಲೊಡೆಯುತ್ತದೆ.

'ಕೆಂಪು' ಎಂಬ ಪದ ಅದಕ್ಕೆ ಸಲ್ಲುತ್ತದೆ, ಅದಕ್ಕೇ ಅದು ಕೆಂಪು ಅನ್ನುವುದು ಅತಿ ದುರ್ಬಲ ದಾರಿ. ಭಾಷೆ ಹುಟ್ಟುವ ಮೊದಲೂ ರಕ್ತ ಕೆಂಪಗೇ ಇತ್ತು. ಪದ ಸಲ್ಲುವುದು ವಸ್ತು ಕೆಂಪಾಗಿರುವುದರಿಂದ, ವಸ್ತು ಕೆಂಪಾಗಿರುವುದು ಪದ ಸಲ್ಲುವುದರಿಂದ ಅಲ್ಲ. ಕೆಂಪು ವಸ್ತುಗಳ ವರ್ಗಕ್ಕೆ ಸೇರಿದೆ ಅಂದರೂ ಅದೇ ತಲೆಕೆಳಗು. ಜತೆಗೆ ಇನ್ನೊಂದು ತೊಡಕು: ಹೃದಯವಿರುವ ಪ್ರಾಣಿಗಳೆಲ್ಲಕ್ಕೂ ಮೂತ್ರಪಿಂಡ ಇದೆ, ಮೂತ್ರಪಿಂಡವಿರುವ ಎಲ್ಲಕ್ಕೂ ಹೃದಯ ಇದೆ ಅಂದುಕೊಳ್ಳಿ. ವರ್ಗ ಒಂದೇ ಆಯಿತು, ಗುಣ ಎರಡು. ಡೇವಿಡ್ ಲೂಯಿಸ್ ಸಾಧ್ಯಜಗತ್ತುಗಳ, ಅಂದರೆ ನಮ್ಮ ಜಗತ್ತು ಬೇರೆ ಥರ ಇರಬಹುದಾಗಿದ್ದ ರೀತಿಗಳ, ಪ್ರಾಣಿಗಳನ್ನೂ ವರ್ಗದೊಳಗೆ ಸೇರಿಸಿ ಇದರಿಂದ ಪಾರಾದರು. ಆದರೆ ಆ ಜಗತ್ತುಗಳೂ ನಮ್ಮದರಷ್ಟೇ ನಿಜ ಅಂತ ಒಪ್ಪಬೇಕು. ಸಣ್ಣ ಬೆಲೆಯಲ್ಲ.

ಹೋಲಿಕೆಯ ದಾರಿ ಇದಕ್ಕಿಂತ ಗಟ್ಟಿ: ಗುಲಾಬಿ ಇತರ ಕೆಂಪು ವಸ್ತುಗಳನ್ನು ಹೋಲುತ್ತದೆ, ಅಷ್ಟೇ. ಇದರ ತೊಡಕನ್ನು ಮೂರು ವಸ್ತು ಇಟ್ಟುಕೊಂಡೇ ನೋಡಬೇಕು. ಮೊದಲನೆಯದು ಕೆಂಪು, ದುಂಡಗಿದೆ, ಲೋಹದ್ದು. ಎರಡನೆಯದು ಕೆಂಪು, ಚೌಕಾಕಾರ, ಮರದ್ದು. ಮೂರನೆಯದು ನೀಲಿ, ದುಂಡಗಿದೆ, ಮರದ್ದು. ಒಂದು ಮತ್ತು ಎರಡಕ್ಕೆ ಬಣ್ಣ ಸಮಾನ. ಒಂದು ಮತ್ತು ಮೂರಕ್ಕೆ ಆಕಾರ ಸಮಾನ. ಎರಡು ಮತ್ತು ಮೂರಕ್ಕೆ ಸಾಮಗ್ರಿ (ಮರ) ಸಮಾನ. ಯಾವ ಜೋಡಿ ತೆಗೆದರೂ ಹೋಲಿಕೆ ಇದೆ, ಮೂರಕ್ಕೂ ಸಮಾನವಾದದ್ದು ಒಂದೂ ಇಲ್ಲ. ಹಾಗಾಗಿ 'ಪರಸ್ಪರ ಹೋಲುವವುಗಳ ಗುಂಪು' ಅಂದಮಾತ್ರಕ್ಕೆ ಒಂದು ಗುಣ ಸಿಕ್ಕಿತು ಅನ್ನುವಂತಿಲ್ಲ. ಕಾರ್ನಾಪ್ 1928ರಲ್ಲಿ ಹೋಲಿಕೆಯಿಂದ ಗುಣಗಳನ್ನು ಕಟ್ಟಲು ಹೊರಟಿದ್ದರು. ಗುಡ್‌ಮನ್ 1951ರಲ್ಲಿ ಈ ಬಿರುಕು ತೋರಿಸಿದರು. 'ಬಣ್ಣದಲ್ಲಿ ಹೋಲುತ್ತವೆ' ಎಂದು ಸೇರಿಸಿಬಿಡೋಣ ಅನ್ನಿಸುತ್ತದೆ, ಆದರೆ ಹೊರಗೆ ಹಾಕಿದ 'ಬಣ್ಣ' ಹಿಂಬಾಗಿಲಿಂದ ಒಳಗೆ ಬಂದಂತಾಯಿತು. ಗೊನ್ಸಾಲೊ ರೊಡ್ರಿಗೆಸ್‌-ಪೆರೇರಾ 2002ರಲ್ಲಿ ಕೊಟ್ಟ ಪರಿಹಾರ ಬೇರೆ ಥರದ್ದು: ವಸ್ತುಗಳು ಹೋಲಿದರೆ ಸಾಲದು, ವಸ್ತುಗಳ ಜೋಡಿಗಳೂ, ಜೋಡಿಗಳ ಜೋಡಿಗಳೂ ಒಂದನ್ನೊಂದು ಹೋಲಬೇಕು. ಮೇಲಿನ ಮೂರು ವಸ್ತುಗಳ ಗುಂಪು ಜೋಡಿಗಳ ಹಂತದಲ್ಲೇ ಬಿದ್ದುಹೋಗುತ್ತದೆ: 'ಕೆಂಪು ಜೋಡಿ' ಮತ್ತು 'ದುಂಡು ಜೋಡಿ' ಹೋಲುವುದಿಲ್ಲ.

ಹೋಲಿಕೆಯೇ ಒಂದು ಸಾಮಾನ್ಯ ಆಯಿತಲ್ಲ ಅನ್ನುವುದು ರಸೆಲ್ 1912ರಲ್ಲಿ ಎತ್ತಿದ ಆಕ್ಷೇಪ. ಹೋಲುವ ಜೋಡಿಗಳು ಮತ್ತೆ ಒಂದನ್ನೊಂದು ಹೋಲುತ್ತವೆ, ಅವೂ ಮತ್ತೆ ಹೀಗೆಯೇ. ಈ ಸರಣಿಗೆ ಕೊನೆಯಿಲ್ಲ ನಿಜ. ಆದರೆ ಎರಡು ವಸ್ತು ಹೋಲುವುದಕ್ಕೆ ಆ ಎರಡು ವಸ್ತುಗಳೇ ಸಾಕು, ಮೇಲಿನ ಹಂತಗಳು ಅದರಿಂದ ತಾವಾಗಿ ಬರುತ್ತವೆ. ಕೆಳಗಿನದ್ದು ಮೇಲಿನದ್ದರ ಮೇಲೆ ನಿಂತಿಲ್ಲ. ಹಾಗಾಗಿ ಈ ಅನವಸ್ಥೆ ಘಾತಕ ಅಲ್ಲ ಅಂತಲೇ ನನ್ನ ತೀರ್ಮಾನ. ರಸೆಲ್ ವಾದಕ್ಕೆ ಪಠ್ಯಗಳಲ್ಲಿ ಸಿಗುವ ತೂಕ ಅದಕ್ಕೆ ಸಲ್ಲದು.

ಇನ್ನೊಂದು ದಾರಿ ಟ್ರೋಪ್. ಈ ಗುಲಾಬಿಗೆ ಈ ಕೆಂಪು, ಆ ಹನಿಗೆ ಆ ಕೆಂಪು. ಗುಣಗಳು ನಿಜವಾಗಿ ಇವೆ, ಆದರೆ ಒಂದೊಂದೂ ಬಿಡಿ. ಡಿ. ಸಿ. ವಿಲಿಯಮ್ಸ್ 1953ರಲ್ಲಿ ಈ ಹೆಸರು ಕೊಟ್ಟರು. ಹೋಲುವುದು ಈ ಬಿಡಿ ಕೆಂಪುಗಳು, ವಸ್ತುಗಳಲ್ಲ. ಬಿಡಿ ಕೆಂಪಿಗೆ ಆಕಾರವೂ ಸಾಮಗ್ರಿಯೂ ಬೆರೆತಿಲ್ಲದ್ದರಿಂದ ಮೇಲಿನ ಮೂರು ವಸ್ತುಗಳ ತೊಡಕು ಇಲ್ಲಿ ಏಳುವುದಿಲ್ಲ.

ವಾಕ್ಯ ಕೇಳಿದ್ದಿರಿ. 'ಕೆಂಪು ಒಂದು ಬಣ್ಣ' ತೆಗೆದುಕೊಳ್ಳಿ. 'ಕೆಂಪಗಿರುವುದೆಲ್ಲ ಬಣ್ಣವುಳ್ಳದ್ದು' ಎಂದು ಬಿಡಿಸಿದರೆ ಸಾಮಾನ್ಯದ ಹೆಸರು ಮಾಯವಾಗುತ್ತದೆ. ಆದರೆ 'ಕೆಂಪಗಿರುವುದೆಲ್ಲ ಆಕಾರವುಳ್ಳದ್ದು' ಅನ್ನುವುದೂ ನಿಜ, 'ಕೆಂಪು ಒಂದು ಆಕಾರ' ಅನ್ನುವುದು ಸುಳ್ಳು. ಹಾಗಾಗಿ ಬಿಡಿಸಿದ ವಾಕ್ಯ ಮೂಲ ವಾಕ್ಯದಷ್ಟು ಹೇಳಿಲ್ಲ. ಇನ್ನೊಂದು: 'ಕೆಂಪು ನೀಲಿಗಿಂತ ಕಿತ್ತಳೆಗೆ ಹತ್ತಿರ.' ಕೆಂಪು ವಸ್ತುಗಳು ನೀಲಿ ವಸ್ತುಗಳಿಗಿಂತ ಕಿತ್ತಳೆ ವಸ್ತುಗಳನ್ನು ಹೆಚ್ಚು ಹೋಲುತ್ತವೆ ಅಂದರೆ ತಕ್ಷಣ ಸುಳ್ಳಾಗುತ್ತದೆ: ಕೆಂಪು ಚೆಂಡು ಕಿತ್ತಳೆ ಬಣ್ಣದ ಕಾರಿಗಿಂತ ನೀಲಿ ಚೆಂಡನ್ನೇ ಹೆಚ್ಚು ಹೋಲುತ್ತದೆ. 1970ರ ದಶಕದಲ್ಲಿ ಫ್ರಾಂಕ್ ಜಾಕ್ಸನ್ ಈ ಥರದ ವಾಕ್ಯಗಳನ್ನೇ ಮುಂದಿಟ್ಟು ನಾಮವಾದಿಗಳನ್ನು ಕಟ್ಟಿಹಾಕಿದರು. ಟ್ರೋಪ್ ಒಪ್ಪುವವರಿಗೆ ಇಲ್ಲಿ ಉತ್ತರ ಇದೆ: ಬಿಡಿ ಕೆಂಪುಗಳು ಬಿಡಿ ನೀಲಿಗಳಿಗಿಂತ ಬಿಡಿ ಕಿತ್ತಳೆಗಳನ್ನು ಹೆಚ್ಚು ಹೋಲುತ್ತವೆ. ಟ್ರೋಪನ್ನೂ ಬೇಡ ಅನ್ನುವವರಿಗೆ ಈ ಎರಡು ವಾಕ್ಯ ಇವತ್ತಿಗೂ ನುಂಗಲಾರದ ತುತ್ತು.

ಲೆಕ್ಕದಮೇಷ್ಟ್ರು

ಸಂಖ್ಯೆಗಳ ಭಾಗ ನನಗಿರಲಿ.

'ಕೋಣೆಯಲ್ಲಿ ಮೂರು ಬೆಕ್ಕುಗಳಿವೆ' ಅನ್ನಲು 3 ಎಂಬ ವಸ್ತು ಬೇಕಿಲ್ಲ. ಒಂದು ಬೆಕ್ಕಿದೆ, ಇನ್ನೊಂದಿದೆ, ಮತ್ತೊಂದಿದೆ. ಮೊದಲನೆಯದು ಎರಡನೆಯದಲ್ಲ, ಎರಡನೆಯದು ಮೂರನೆಯದಲ್ಲ, ಮೊದಲನೆಯದು ಮೂರನೆಯದಲ್ಲ. ಕೋಣೆಯ ಯಾವ ಬೆಕ್ಕಾದರೂ ಈ ಮೂರರಲ್ಲೊಂದು. ಇಷ್ಟರಲ್ಲಿ ಸಂಖ್ಯೆಯ ಹೆಸರು ಎಲ್ಲೂ ಬರಲಿಲ್ಲ. ವಿಧಾನ ಸರಿ, ಉದ್ದ ಬೆಳೆಯುತ್ತದೆ. 'ಅದು ಇದಲ್ಲ' ಅನ್ನುವ ತುಣುಕುಗಳು ಮೂರಕ್ಕೆ 3, ಹತ್ತಕ್ಕೆ 45, ನೂರಕ್ಕೆ 4950. ಉದ್ದವಾಯಿತು ಅನ್ನುವುದು ತಾತ್ವಿಕ ಆಕ್ಷೇಪ ಅಲ್ಲ.

ನಿಜವಾದ ಅಡ್ಡಿ 'ಬೆಕ್ಕುಗಳು ನಾಯಿಗಳಿಗಿಂತ ಹೆಚ್ಚಿವೆ' ಅನ್ನುವಲ್ಲಿ. ಎಷ್ಟೆಷ್ಟು ಅಂತ ಹೇಳದೆ ಬರೀ ಹೆಚ್ಚು ಅನ್ನುವುದನ್ನು ಮೇಲಿನ ವಿಧಾನದಲ್ಲಿ ಬರೆಯಲಾಗುವುದಿಲ್ಲ. ಒಂದೊಂದು ಬೆಕ್ಕಿಗೆ ಒಂದೊಂದು ನಾಯಿಯನ್ನು ಜೋಡಿಸುವ ಫಲನ ಬೇಕು, ಫಲನ ಅಂದರೆ ಜೋಡಿಗಳ ಒಂದು ಗಣ. ಗುಡ್‌ಮನ್ ಮತ್ತು ಕ್ವೈನ್ 1947ರ ಲೇಖನದಲ್ಲಿ ಇದನ್ನು ಬಿಡಿಸಿದ ರೀತಿ ಬಹಳ ಸೊಗಸಾಗಿದೆ. ಬೆಕ್ಕು ನಾಯಿಗಳಲ್ಲೆಲ್ಲ ಅತಿ ಚಿಕ್ಕದು ಯಾವುದೋ, ಸರಿಯಾಗಿ ಅದರ ಗಾತ್ರದ ಯಾವುದೇ ವಸ್ತುವನ್ನು 'ತುಣುಕು' ಅನ್ನೋಣ. ಆಗ ವಾಕ್ಯ ಹೀಗಾಗುತ್ತದೆ: ಪ್ರತಿ ಬೆಕ್ಕಿನ ಒಂದೊಂದು ತುಣುಕನ್ನು ಒಳಗೊಂಡ ಯಾವುದೇ ವಸ್ತುವೂ, ಪ್ರತಿ ನಾಯಿಯ ಒಂದೊಂದು ತುಣುಕನ್ನು ಒಳಗೊಂಡ ಯಾವುದೋ ಒಂದು ವಸ್ತುವಿಗಿಂತ ದೊಡ್ಡದು.

ಬೆಕ್ಕು 5, ನಾಯಿ 4, ತುಣುಕಿನ ಗಾತ್ರ 2 ಲೀಟರ್ ಅಂತಿಟ್ಟು ನೋಡಿ. ಐದೂ ಬೆಕ್ಕಿನ ತುಣುಕು ಒಳಗೊಂಡ ವಸ್ತು 10 ಲೀಟರಿಗಿಂತ ಕಡಿಮೆ ಇರಲು ಸಾಧ್ಯವಿಲ್ಲ. ನಾಲ್ಕು ನಾಯಿಗಳ ತುಣುಕು ಒಳಗೊಂಡ, ಸರಿಯಾಗಿ 8 ಲೀಟರಿನ ವಸ್ತು ಒಂದು ಇದ್ದೇ ಇದೆ. ವಾಕ್ಯ ನಿಜವಾಯಿತು. ನಾಯಿಗಳೂ ಐದಿದ್ದರೆ ಸುಳ್ಳಾಗುತ್ತದೆ. ಸಂಖ್ಯೆಗಳು ನಮ್ಮ ತಾಳೆಯಲ್ಲಿ ಬಂದವೇ ಹೊರತು ವಾಕ್ಯದಲ್ಲಿ ಬರಲಿಲ್ಲ.

ಇದು ಎರಡು ಕಡೆ ಸೋಲುತ್ತದೆ. ಎಣಿಸಬೇಕಾದವು ಒಂದರೊಳಗೊಂದು ಸೇರಿಕೊಂಡಿದ್ದರೆ ಒಂದೇ ತುಣುಕು ಇಬ್ಬರ ಲೆಕ್ಕಕ್ಕೂ ಸಲ್ಲುತ್ತದೆ; ಅದೇ ಸದಸ್ಯರಿರುವ ಎರಡು ಸಮಿತಿಗಳನ್ನು ಹೀಗೆ ಎಣಿಸಲಾಗದು. ಎರಡನೆಯದು, ಗಾತ್ರವೇ ಇಲ್ಲದವು. ಗಣಿತದ ಒಳಗಿನ ವಾಕ್ಯಗಳ ಹತ್ತಿರವೂ ಇದು ಹೋಗುವುದಿಲ್ಲ.

ಅಲ್ಲಿ ಹಾರ್ಟ್ರಿ ಫೀಲ್ಡ್ 1980ರಲ್ಲಿ ಬೇರೆಯದೇ ದಾರಿ ಹಿಡಿದರು: ಬಿಡಿಸುವುದೇ ಬೇಡ, ಸುಳ್ಳು ಅಂದುಬಿಡೋಣ. '2ಕ್ಕೂ 10ಕ್ಕೂ ನಡುವೆ ಅವಿಭಾಜ್ಯ ಸಂಖ್ಯೆಗಳಿವೆ' ಎಂಬುದು ಅಕ್ಷರಶಃ ಸುಳ್ಳು, ಸಂಖ್ಯೆಗಳೇ ಇಲ್ಲವಲ್ಲ. ಇದರ ಇನ್ನೊಂದು ಮುಖವನ್ನು ಬಹಳ ಜನ ಗಮನಿಸುವುದಿಲ್ಲ: 'ಪ್ರತಿ ಸಮಸಂಖ್ಯೆಯೂ ಬೆಸಸಂಖ್ಯೆ' ಎಂಬುದು ಆಗ ನಿಜವಾಗಿಬಿಡುತ್ತದೆ, ಸುಳ್ಳು ಮಾಡಲು ಒಂದೂ ಸಮಸಂಖ್ಯೆ ಇಲ್ಲದ್ದರಿಂದ. ಆದ್ದರಿಂದ ಗಣಿತದಲ್ಲಿ ಸರಿ ತಪ್ಪು ಅನ್ನುವುದಕ್ಕೆ ನಿಜ ಸುಳ್ಳು ಬಿಟ್ಟು ಬೇರೆ ಅಳತೆ ಬೇಕಾಗುತ್ತದೆ: ಒಪ್ಪಿತ ಸ್ವಯಂಸಿದ್ಧಗಳಿಂದ ಏನು ಹೊಮ್ಮುತ್ತದೆ ಎಂಬುದು.

ಸುಳ್ಳಾದರೆ ವಿಜ್ಞಾನಕ್ಕೆ ಉಪಯೋಗ ಹೇಗೆ? ಕ್ವೈನ್ ಮತ್ತು ಪಟ್ನಮ್ ಒತ್ತಿ ಕೇಳಿದ್ದು ಇದನ್ನೇ: ನಮ್ಮ ಉತ್ತಮ ವೈಜ್ಞಾನಿಕ ಸಿದ್ಧಾಂತಗಳಿಗೆ ಏನು ಅನಿವಾರ್ಯವೋ ಅದನ್ನು ಇದೆ ಎಂದು ಒಪ್ಪಬೇಕು, ಗಣಿತ ಅನಿವಾರ್ಯ, ಆದ್ದರಿಂದ ಒಪ್ಪಿ. ಫೀಲ್ಡ್ ಹೊಡೆದದ್ದು ಎರಡನೆಯ ಮೆಟ್ಟಿಲಿಗೆ. ಅವರ ಕೆಲಸಕ್ಕೆ ಎರಡು ಭಾಗ. ಮೊದಲು, ನ್ಯೂಟನ್ನನ ಗುರುತ್ವ ಸಿದ್ಧಾಂತವನ್ನು ಸಂಖ್ಯೆಗಳಿಲ್ಲದೆ ಬರೆದು ತೋರಿಸಿದರು. ಹಿಲ್ಬರ್ಟ್ 1899ರಲ್ಲಿ ರೇಖಾಗಣಿತವನ್ನು 'ಈ ಬಿಂದು ಆ ಎರಡರ ನಡುವೆ ಇದೆ', 'ಈ ರೇಖಾಖಂಡ ಅದಕ್ಕೆ ಸಮ' ಎಂಬಂಥ ಸಂಬಂಧಗಳಿಂದ ಕಟ್ಟಿದ್ದರಲ್ಲ, ಅದೇ ಮಾದರಿಯಲ್ಲಿ ದೇಶಕಾಲದ ಬಿಂದುಗಳ ನಡುವಿನ ಸಂಬಂಧಗಳನ್ನಷ್ಟೇ ಬಳಸಿದರು. ಎರಡನೆಯದು, ಗಣಿತವನ್ನು ಸೇರಿಸಿದರೂ ಭೌತವಸ್ತುಗಳ ಬಗ್ಗೆ ಮೊದಲೇ ಹೊಮ್ಮದ ಯಾವ ಹೊಸ ತೀರ್ಮಾನವೂ ಬರುವುದಿಲ್ಲ, ಗಣಿತ ದಾರಿ ಚಿಕ್ಕದು ಮಾಡುತ್ತದೆ ಅಷ್ಟೇ ಎಂದು ವಾದಿಸಿದರು.

ಎರಡೂ ಭಾಗಕ್ಕೂ ಪೆಟ್ಟು ಬಿತ್ತು. 1982ರಲ್ಲಿ ಡೇವಿಡ್ ಮ್ಯಾಲಮೆಂಟ್, ಇದೇ ತಂತ್ರ ಕ್ವಾಂಟಂ ಯಂತ್ರಶಾಸ್ತ್ರಕ್ಕೆ ಹೇಗೆ ಹೊಂದುತ್ತದೆ ಎಂದು ಕೇಳಿದರು. ಅಲ್ಲಿ ಗಣಿತದ ವಸ್ತುಗಳು ಪ್ರತಿನಿಧಿಸುವುದು ದೇಶಕಾಲದ ಬಿಂದುಗಳನ್ನಲ್ಲ, ವ್ಯವಸ್ಥೆಯೊಂದು ಇರಬಹುದಾದ ಸ್ಥಿತಿಗಳನ್ನು. ಸಾಧ್ಯ ಸ್ಥಿತಿಗಳು ನಾಮವಾದಿಗೆ ಸಂಖ್ಯೆಗಿಂತ ಹಗುರವೇನಲ್ಲ. 1983ರಲ್ಲಿ ಸ್ಟೂವರ್ಟ್ ಶಪೀರೊ, ಗೋಡೆಲ್‌ನ ಅಪೂರ್ಣತೆಯ ಪ್ರಮೇಯವನ್ನು ಬಳಸಿ, ಫೀಲ್ಡ್ ಕಟ್ಟಿದ ಸಿದ್ಧಾಂತವನ್ನು ಮೊದಲ ದರ್ಜೆಯ ತರ್ಕದಲ್ಲಿ (ಬಿಡಿ ವಸ್ತುಗಳ ಬಗ್ಗೆ ಮಾತ್ರ 'ಎಲ್ಲ', 'ಕೆಲವು' ಅನ್ನಬಲ್ಲ ತರ್ಕ) ಇಟ್ಟರೆ ಗಣಿತ ಸೇರಿಸಿದಾಗ ಹೊಸ ತೀರ್ಮಾನ ಹೊರಟೇ ಹೊರಡುತ್ತದೆ ಎಂದು ತೋರಿಸಿದರು. ವಸ್ತುಗಳ ಗುಂಪುಗಳ ಬಗ್ಗೆಯೂ ಹಾಗೆ ಅನ್ನಬಲ್ಲ ಎರಡನೆಯ ದರ್ಜೆಗೆ ಏರಿದರೆ ಅದು ತಪ್ಪುತ್ತದೆ, ಆದರೆ ಎರಡನೆಯ ದರ್ಜೆಯ ತರ್ಕ ಗಣಸಿದ್ಧಾಂತದ್ದೇ ವೇಷ ಎಂದು ಕ್ವೈನ್ ಕಡೆಯವರು ಬಿಡುವುದಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ ಪಡಬೇಕು ಅನ್ನಿಸಿದರೆ ಪಾಲ್ ಬೆನಾಸೆರಾಫ್ 1973ರಲ್ಲಿ ಇಟ್ಟ ಪ್ರಶ್ನೆ ನೋಡಿ. ಯಾವುದಕ್ಕೂ ಕಾರಣವಾಗದ, ಎಲ್ಲೂ ಇಲ್ಲದ ವಸ್ತುಗಳ ಬಗ್ಗೆ ನಮಗೆ ಜ್ಞಾನ ಬಂದದ್ದು ಯಾವ ದಾರಿಯಿಂದ? ಸಂಖ್ಯೆಗಳನ್ನು ಒಪ್ಪುವವರಿಗೆ ಇದಕ್ಕೆ ನೇರ ಉತ್ತರ ಇನ್ನೂ ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ. ನಾಮವಾದದ ಬಲ ಇರುವುದು ಇಲ್ಲಿ.

ದರ್ಶನಪ್ರಿಯ

ಮೇಲಿನ ಚರ್ಚೆಗೆ ಸಮಾನವಾದದ್ದು ಭಾರತೀಯ ದರ್ಶನಗಳಲ್ಲಿ ಸಾವಿರ ವರ್ಷಕ್ಕೂ ಮೀರಿ ನಡೆದಿದೆ. ಅದರಿಂದ ಎರಡು ಸಂಗತಿ ಇಲ್ಲಿಗೆ ನೇರವಾಗಿ ಬೇಕಾದವು.

ಬೌದ್ಧ ತಾರ್ಕಿಕ ದಿಙ್ನಾಗನ ಅಪೋಹವಾದ ಬಿಂದುರೇಖೆಯವರ ಪಟ್ಟಿಯಲ್ಲಿ ಇಲ್ಲದ ದಾರಿ. ಇರುವುದು ಸ್ವಲಕ್ಷಣಗಳು, ಒಂದಕ್ಕೊಂದು ಬೇರೆಯಾದ ಬಿಡಿಗಳು. 'ಗೋ' ಎಂಬ ಶಬ್ದ ಗೋತ್ವವನ್ನು ಹೇಳುವುದಿಲ್ಲ, ಗೋವಲ್ಲದ್ದನ್ನು ಹೊರಗಿಡುತ್ತದೆ. ಮೀಮಾಂಸಕ ಕುಮಾರಿಲಭಟ್ಟ ಶ್ಲೋಕವಾರ್ತಿಕದಲ್ಲಿ ಹಿಡಿದದ್ದು ಇದರ ಅನ್ಯೋನ್ಯಾಶ್ರಯವನ್ನು: ಗೋವಲ್ಲದ್ದು ಯಾವುದು ಅಂತ ತಿಳಿಯಲು ಗೋವು ತಿಳಿದಿರಬೇಕು, ಗೋವು ತಿಳಿಯಲು ಗೋವಲ್ಲದ್ದು ತಿಳಿದಿರಬೇಕು. ದಿಙ್ನಾಗನ ಪರಂಪರೆಯ ಧರ್ಮಕೀರ್ತಿ ಇದನ್ನು ಬಿಡಿಸಿದ್ದು ಕಾರ್ಯವನ್ನು ಮುಂದಿಟ್ಟು. ಜ್ವರ ಇಳಿಸುವ ಗಿಡಮೂಲಿಕೆಗಳು ಹಲವು. ಎಲ್ಲದರೊಳಗೂ 'ಜ್ವರಶಾಮಕತ್ವ' ಎಂಬ ಒಂದೇ ವಸ್ತು ಕೂತಿದೆ ಅನ್ನಬೇಕಿಲ್ಲ. ಬೇರೆ ಬೇರೆಯಾಗಿದ್ದುಕೊಂಡೇ ಒಂದೇ ಬಗೆಯ ಫಲ ಕೊಡುತ್ತವೆ, ಕೊಡದವುಗಳಿಂದ ಅವನ್ನು ನಾವು ಬೇರ್ಪಡಿಸುತ್ತೇವೆ. ಆ ಫಲಗಳೂ ಬಿಡಿಬಿಡಿಯೇ ಅಲ್ಲವೇ, ಅವು 'ಒಂದೇ ಬಗೆ' ಆದದ್ದು ಹೇಗೆ ಅಂದರೆ, ಅವು ನಮ್ಮಲ್ಲಿ ಒಂದೇ ಥರದ ತೀರ್ಮಾನ ಹುಟ್ಟಿಸುತ್ತವೆ ಅನ್ನುತ್ತಾನೆ. ಅಲ್ಲಿಗೆ ಅವನು ನಿಲ್ಲುತ್ತಾನೆ, ಎದುರಾಳಿಗಳು ನಿಲ್ಲುವುದಿಲ್ಲ.

ಎರಡನೆಯದು, ಸಾಮಾನ್ಯವನ್ನು ಒಪ್ಪುವ ನೈಯಾಯಿಕರೂ (ನ್ಯಾಯದರ್ಶನದವರು) ಕಂಡ ಕಂಡ ಪದಕ್ಕೆಲ್ಲ ಜಾತಿಯನ್ನು, ಅಂದರೆ ಸಾಮಾನ್ಯವನ್ನು, ಕೊಡುವುದಿಲ್ಲ. ಉದಯನ ಕಿರಣಾವಳಿಯಲ್ಲಿ ಆರು ಜಾತಿಬಾಧಕಗಳನ್ನು, ಪದದ ಹಿಂದೆ ಜಾತಿ ಇದೆ ಅನ್ನದಂತೆ ತಡೆಯುವ ಕಾರಣಗಳನ್ನು, ಎಣಿಸುತ್ತಾನೆ. ಮೂರನ್ನು ಹೇಳುತ್ತೇನೆ. ಆಕಾಶ ಒಂದೇ ಇರುವುದರಿಂದ ಆಕಾಶತ್ವ ಜಾತಿಯಲ್ಲ. ಘಟತ್ವ, ಕಲಶತ್ವ ಎರಡಕ್ಕೂ ಆಶ್ರಯ ಅವೇ ವಸ್ತುಗಳಾದ್ದರಿಂದ ಅವು ಎರಡು ಜಾತಿಯಲ್ಲ. ಮೂರನೆಯದು ಸಂಕರ: ಭೂತಗಳು ಪೃಥಿವಿ, ಜಲ, ತೇಜಸ್ಸು, ವಾಯು, ಆಕಾಶ, ಮೂರ್ತಗಳು, ಅಂದರೆ ಮಿತ ಗಾತ್ರವಿರುವವು, ಪೃಥಿವಿ, ಜಲ, ತೇಜಸ್ಸು, ವಾಯು, ಮನಸ್ಸು. ನಾಲ್ಕು ಎರಡರಲ್ಲೂ ಇವೆ, ಆಕಾಶ ಒಂದರಲ್ಲಿ ಮಾತ್ರ, ಮನಸ್ಸು ಇನ್ನೊಂದರಲ್ಲಿ ಮಾತ್ರ. ಹೀಗೆ ಅಡ್ಡಾದಿಡ್ಡಿ ಕತ್ತರಿಸುವ ಭೂತತ್ವ, ಮೂರ್ತತ್ವ ಜಾತಿಯಾಗಲಾರವು, ಬರೀ ಉಪಾಧಿಗಳು. ಪದ ಸಲ್ಲುತ್ತದೆ, ವ್ಯವಹಾರ ನಡೆಯುತ್ತದೆ, ಹಿಂದೆ ಜಾತಿ ಇಲ್ಲ.

ಅಂದರೆ ಸಾಮಾನ್ಯ ಇದೆ ಅನ್ನುವ ವಾಸ್ತವವಾದಿಯೂ ಕೆಲವು ಪದಗಳ ಮಟ್ಟಿಗೆ ನಾಮವಾದಿಯೇ. ಯಾವ ಪದದ ಬಗ್ಗೆ ಅಂತ ಕೇಳದೆ 'ನಾಮವಾದಿಯೋ ಅಲ್ಲವೋ' ಅಂದರೆ ಪ್ರಶ್ನೆ ಅರ್ಧವೇ. ವೇದಾಂತದೊಳಗೂ ಇದು ಕಾಣುತ್ತದೆ: ಮಾಧ್ವರು ಅನೇಕ ವಸ್ತುಗಳಲ್ಲಿ ಅನುಗತವಾದ ಒಂದೇ ಜಾತಿಯನ್ನು ಒಪ್ಪದೆ ಸಾದೃಶ್ಯದಿಂದಲೇ ನಿಭಾಯಿಸುತ್ತಾರೆ, ರಾಮಾನುಜರ ಪಕ್ಷದಲ್ಲಿ ಜಾತಿ ಅಂದರೆ ಸಂಸ್ಥಾನ, ವಸ್ತುವಿನ ಅವಯವಗಳ ವಿನ್ಯಾಸ, ಅದರಾಚೆ ಬೇರೆ ಪದಾರ್ಥವಲ್ಲ.

ಸಮೀಕ್ಷಕಿ

'ಹಣೆಪಟ್ಟಿ'ಯ ಅರ್ಥ ಬಾಕಿ ಇದೆ. ದರ್ಶನಪ್ರಿಯರು ಹೇಳಿದ ಉಪಾಧಿಯಿಂದಲೇ ಅದಕ್ಕೆ ದಾರಿ.

ಖಿನ್ನತೆಯ ಉದಾಹರಣೆಯನ್ನೇ ಲೆಕ್ಕ ಹಾಕಿ ನೋಡೋಣ. ಅಮೆರಿಕದ ಮನೋವೈದ್ಯಕೀಯ ಕೈಪಿಡಿ ಡಿಎಸ್‌ಎಂನ ಐದನೆಯ ಆವೃತ್ತಿಯಲ್ಲಿ 9 ಲಕ್ಷಣಗಳ ಪಟ್ಟಿ ಇದೆ. ಎರಡು ವಾರದ ಒಂದೇ ಅವಧಿಯಲ್ಲಿ ಅವುಗಳಲ್ಲಿ ಕನಿಷ್ಠ 5 ಇರಬೇಕು, ಆ ಐದರಲ್ಲಿ ಕುಗ್ಗಿದ ಮನಸ್ಸು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆರಡರಲ್ಲಿ ಒಂದಾದರೂ ಇರಬೇಕು. 9ರಲ್ಲಿ 5 ಅಥವಾ ಹೆಚ್ಚನ್ನು ಆರಿಸುವ ರೀತಿಗಳು 256. ಅವುಗಳಲ್ಲಿ ಆ ಎರಡು ಮುಖ್ಯ ಲಕ್ಷಣಗಳೂ ಇಲ್ಲದವು 29. ಕಳೆದರೆ 227. ಅಷ್ಟು ಬೇರೆ ಬೇರೆ ಜೋಡಣೆಗಳಿಗೆ ಹೆಸರು ಒಂದೇ. ಇಬ್ಬರು ರೋಗಿಗಳಿಗೆ ಸಮಾನವಾಗಿರಲೇಬೇಕಾದದ್ದು ಒಂದೇ ಲಕ್ಷಣ, 5 ಕೂಡಿಸು 5 ಕಳೆ 9. ಮೂವರನ್ನು ತೆಗೆದುಕೊಂಡರೆ ಮೂವರಿಗೂ ಸಮಾನವಾದದ್ದು ಒಂದೂ ಇಲ್ಲದಿರಬಹುದು. ಬಿಂದುರೇಖೆಯವರ ಮೂರು ವಸ್ತುಗಳ ಗುಂಪೇ ಇದು, ಆಸ್ಪತ್ರೆಯಲ್ಲಿ.

ಇಲ್ಲಿ ಒಬ್ಬರು ನಾಮವಾದಿ ಅಂದರೆ ಆ ವರ್ಗದ ಬಗ್ಗೆ ಮಾತ್ರ: ಈ 227ರ ಹಿಂದೆ ಒಂದೇ ಕಾರಣ, ಒಂದೇ ಸ್ವರೂಪ ಇದೆ ಎಂದು ಭಾವಿಸಬೇಡಿ ಎನ್ನುತ್ತಾರೆ. ಸಂಖ್ಯೆಗಳನ್ನೂ ಕೆಂಪುತನವನ್ನೂ ಅವರು ಧಾರಾಳವಾಗಿ ಒಪ್ಪಬಹುದು. ಅತಿ ಹೆಚ್ಚು ಕಾಣುವ ತಪ್ಪು ಒಂದಿದೆ: 'ವರ್ಗ ನಮ್ಮದು' ಎಂಬುದರಿಂದ 'ನೋವು ಸುಳ್ಳು' ಎಂಬುದಕ್ಕೆ ಜಿಗಿಯುವುದು. ಪ್ರತಿ ರೋಗಿಯ ನಿದ್ದೆಗೆಟ್ಟ ರಾತ್ರಿ ಪೂರ್ತಿ ನಿಜ. ಪ್ರಶ್ನೆ ಇರುವುದು ಅವರನ್ನು ಒಟ್ಟು ಮಾಡುವ ಗೆರೆಯ ಬಗ್ಗೆ. ಚಿಕಿತ್ಸೆ ಎಲ್ಲರ ಮೇಲೂ ಒಂದೇ ರೀತಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವಾಗ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ: ಗುಂಪೇ ಕಲಬೆರಕೆಯಾಗಿದ್ದರೆ ಸರಾಸರಿಯಿಂದ ಯಾವ ಒಬ್ಬರ ಬಗ್ಗೆಯೂ ಹೆಚ್ಚು ತಿಳಿಯುವುದಿಲ್ಲ.

ಇಯಾನ್ ಹ್ಯಾಕಿಂಗ್ 1986ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕುದುರೆಗೆ ತನ್ನನ್ನು ಕುದುರೆ ಅನ್ನುತ್ತಾರೆಂದು ಗೊತ್ತಿಲ್ಲ. ಮನುಷ್ಯರಿಗೆ ತಮಗಿಟ್ಟ ಹೆಸರು ಗೊತ್ತು. ಹೆಸರು ಬಂದ ಮೇಲೆ ಜನ ಅದಕ್ಕೆ ತಕ್ಕಂತೆ, ಕೆಲವೊಮ್ಮೆ ಅದಕ್ಕೆ ಎದುರಾಗಿ, ಬದಲಾಗುತ್ತಾರೆ. ಆಗ ವ್ಯಾಖ್ಯೆಯನ್ನೇ ತಿದ್ದಬೇಕಾಗುತ್ತದೆ. ಚಲನಶೀಲ ನಾಮವಾದ ಎಂದು ಅವರು ಕರೆದದ್ದು ಇದನ್ನು. ಇದು ಮನುಷ್ಯರ ಬಗೆಗಳಿಗೆ ಮಾತ್ರ. ಎಲೆಕ್ಟ್ರಾನಿಗೆ ಅನ್ವಯಿಸಲು ಹೋಗಬೇಡಿ.

ಜೀವಶಾಸ್ತ್ರದಲ್ಲಿ ಒಂದು ವಿಚಿತ್ರ ತಿರುವು ಇದೆ. ಹುಲಿ ಎಂಬ ಪ್ರಭೇದ ಸಾಮಾನ್ಯವೂ ಅಲ್ಲ, ಬರೀ ಹೆಸರೂ ಅಲ್ಲ. ಹುಟ್ಟಿ, ಹರಡಿ, ಅಳಿಯುವ ಒಂದು ಬಿಡಿ ವಸ್ತು, ಒಂದೊಂದು ಹುಲಿಯೂ ಅದರ ಭಾಗ ಎಂದು ಮೈಕಲ್ ಗಿಸೆಲಿನ್ 1974ರಲ್ಲಿ ವಾದಿಸಿದರು. ಸಾಮಾನ್ಯ ಬೇಡ ಅನ್ನುವವರಿಗೆ ಇದು ಒಳ್ಳೆಯ ತಂತ್ರ, ಪ್ರಭೇದಗಳ ಮಟ್ಟಿಗೆ.

ಓದುಗಮಿತ್ರ

ಇಷ್ಟು ವಿವರಕ್ಕೆ ಎಲ್ಲರಿಗೂ ಧನ್ಯವಾದ. ಒಂದು ಅನುಮಾನ ಉಳಿದಿದೆ. ಅನಗತ್ಯವಾಗಿ ವಸ್ತುಗಳನ್ನು ಹೆಚ್ಚಿಸಬೇಡಿ ಎಂಬ 'ಒಕಮ್‌ನ ಕತ್ತಿ' ಒಪ್ಪಿದ ಕೂಡಲೇ ನಾಮವಾದ ಗೆದ್ದಂತೆ ಅಲ್ಲವೇ?

ಬಿಂದುರೇಖೆ

ಅಲ್ಲ. ಆ ಸೂತ್ರ, 'ವಸ್ತುಗಳನ್ನು ಅಗತ್ಯ ಮೀರಿ ಹೆಚ್ಚಿಸಬಾರದು' ಎಂಬ ರೂಪದಲ್ಲಿ, ಒಕಮ್‌ನ ಕೃತಿಗಳಲ್ಲಿ ಇಲ್ಲ. ಅದು 1639ರಲ್ಲಿ ಜಾನ್ ಪಂಚ್ ಬರೆದದ್ದು. ಅಗತ್ಯವಿಲ್ಲದೆ ಬಹುತ್ವವನ್ನು ಹೇಳಬಾರದು ಎಂಬರ್ಥದ ಮಾತು ಒಕಮ್‌ನಲ್ಲಿ ಇದೆ ನಿಜ. ಆದರೆ ಸಾಮಾನ್ಯಗಳ ವಿರುದ್ಧ ಅವನ ಮುಖ್ಯ ಅಸ್ತ್ರ ಮಿತವ್ಯಯ ಅಲ್ಲ, ವಿರೋಧಾಭಾಸ. ಒಂದು ವಾದ ಹೀಗೆ: ಸಾಕ್ರಟೀಸ್ ಮತ್ತು ಪ್ಲೇಟೋ ಇಬ್ಬರಲ್ಲೂ ಒಂದೇ ಮನುಷ್ಯತ್ವ ಅಂಶವಾಗಿ ಇದ್ದರೆ, ದೇವರು ಸಾಕ್ರಟೀಸನನ್ನು ಏನೂ ಉಳಿಯದಂತೆ ಅಳಿಸಿದಾಗ ಆ ಮನುಷ್ಯತ್ವವೂ ಅಳಿಯಬೇಕು, ಆಗ ಪ್ಲೇಟೋ ಕೂಡ ಉಳಿಯಲಾರ. ಒಬ್ಬನನ್ನು ಅಳಿಸಿದರೆ ಇನ್ನೊಬ್ಬ ಅಳಿಯಬೇಕಿಲ್ಲವಾದ್ದರಿಂದ ಹಾಗೆ ಒಂದೇ ಆದದ್ದು ಇಲ್ಲ.

ಮಿತವ್ಯಯದ ವಾದವನ್ನೇ ಹಿಡಿಯುವುದಾದರೆ ಖಾತೆಯ ಎರಡೂ ಕಡೆ ನೋಡಬೇಕು. ಎಷ್ಟು ಬಗೆಯ ವಸ್ತುಗಳನ್ನು ಒಪ್ಪಿದಿರಿ ಎಂಬುದು ಒಂದು ಕಡೆ. ಇನ್ನು ಬಿಡಿಸಲಾಗದು ಎಂದು ಎಷ್ಟು ಮೂಲಪದಗಳನ್ನು ಇಟ್ಟುಕೊಂಡಿರಿ ಎಂಬುದು ಇನ್ನೊಂದು ಕಡೆ. ಸಾಮಾನ್ಯವಾದಿಗೆ ವಸ್ತುಗಳ ಬಗೆ ಹೆಚ್ಚು, 'ಇದರಲ್ಲಿ ಅದು ಇದೆ' ಎಂಬ ಮೂಲಸಂಬಂಧ ಒಂದು. ಆರ್ಮ್‌ಸ್ಟ್ರಾಂಗ್ ಉಷ್ಟ್ರಪಕ್ಷಿ ಎಂದು ಕರೆದ ನಾಮವಾದಿಗೆ, ಅಂದರೆ 'ಗುಲಾಬಿ ಕೆಂಪಗಿದೆ, ಅಷ್ಟೇ, ವಿವರಣೆ ಬೇಡ' ಅನ್ನುವವರಿಗೆ, ವಸ್ತು ಅತಿ ಕಡಿಮೆ; ಆದರೆ 'ಕೆಂಪಗಿದೆ'ಯಂಥ ಮೂಲ ವಿಧೇಯಗಳು ಎಷ್ಟು ಗುಣಗಳಿವೆಯೋ ಅಷ್ಟು. ಮೈಕಲ್ ಡೆವಿಟ್ 1980ರಲ್ಲಿ ಈ ನಿಲುವನ್ನು ಸಮರ್ಥಿಸಿದ್ದಾರೆ, ಓದಲು ಯೋಗ್ಯ. ಹೋಲಿಕೆವಾದಿಗೆ ಮೂಲಪದ ಒಂದೇ, ಆದರೆ ಹೃದಯ-ಮೂತ್ರಪಿಂಡದಂಥ ತೊಡಕು ತಪ್ಪಿಸಲು ವಸ್ತುಗಳ ಪಟ್ಟಿಗೆ ಸಾಧ್ಯಜಗತ್ತುಗಳು ಸೇರಿಕೊಳ್ಳುತ್ತವೆ.

ಇನ್ನೊಂದು ಕಾರಣಕ್ಕೂ ಒಕಮ್‌ನನ್ನು 1947ರ ಲೇಖನದ ಸಾಲಿನಲ್ಲಿ ನಿಲ್ಲಿಸಬೇಡಿ. ಅರಿಸ್ಟಾಟಲ್‌ನ ಹತ್ತು ಪದಾರ್ಥಗಳಲ್ಲಿ, ಅಂದರೆ ಇರುವುದರ ಮೂಲ ವಿಭಾಗಗಳಲ್ಲಿ, ಅವನು ಹೊರಗೆ ನಿಜವಾಗಿ ಇವೆ ಎಂದು ಉಳಿಸಿಕೊಂಡದ್ದು ಎರಡನ್ನು, ದ್ರವ್ಯ ಮತ್ತು ಗುಣ. ಆ ಗುಣಗಳು ಬಿಡಿ: ಈ ಗೋಡೆಯ ಬಿಳಿ, ಆ ಗೋಡೆಯ ಬಿಳಿ ಎರಡು ಬೇರೆ. 'ಮನುಷ್ಯ' ಎಂಬ ಪದದ ಕೆಲಸವನ್ನೂ ಅವನು ವಾಕ್ಯ ನೋಡಿ ಬೇರ್ಪಡಿಸುತ್ತಾನೆ. 'ಮನುಷ್ಯ ಓಡುತ್ತಿದ್ದಾನೆ' ಅಂದಾಗ ಪದ ನಿಲ್ಲುವುದು ಓಡುವ ವ್ಯಕ್ತಿಗೆ. 'ಮನುಷ್ಯ ಒಂದು ಪ್ರಭೇದ' ಅಂದಾಗ ಮನಸ್ಸಿನೊಳಗಿನ ಪರಿಕಲ್ಪನೆಗೆ. 'ಮನುಷ್ಯ ಎಂಬುದರಲ್ಲಿ ಮೂರು ಅಕ್ಷರ' ಅಂದಾಗ ಪದ ತನಗೇ ನಿಲ್ಲುತ್ತದೆ. ಪರಿಕಲ್ಪನೆ ಅವನಿಗೆ ವಸ್ತುಗಳ ಸಹಜ ಚಿಹ್ನೆ, ಜನ ಸೇರಿ ಇಟ್ಟ ಹೆಸರಲ್ಲ. ಸಾಮಾನ್ಯ ಅಂದರೆ ಬರೀ ಬಾಯಿಯ ಉಸಿರು ಎಂಬ ನಿಲುವನ್ನು ವಿರೋಧಿಗಳು ಅಂಟಿಸಿದ್ದು ಅವನಿಗಿಂತ ಎರಡು ಶತಮಾನ ಹಿಂದಿನ ರಾಸ್ಕೆಲಿನ್‌ಗೆ. ರಾಸ್ಕೆಲಿನ್‌ನ ಮಾತುಗಳಿಂದ ಕ್ರೈಸ್ತರ ತ್ರಯೈಕ್ಯದ ಒಬ್ಬ ದೇವರ ಬದಲು ಮೂವರು ದೇವರಾಗುತ್ತಾರೆ ಎಂಬ ಆಪಾದನೆ 1092ರ ಸುಮಾರಿಗೆ ಫ್ರಾನ್ಸಿನ ಸ್ವಾಸೋನ್ ಚರ್ಚ್ ಸಭೆಯ ಮುಂದೆ ಬಂದಿತ್ತು. ಒಕಮ್‌ಗೆ ಜಾಗ ಕೊಡುವುದಾದರೆ ಟ್ರೋಪ್ ಪಕ್ಷದ ಪಕ್ಕದಲ್ಲಿ ಕೊಡಿ, 'ಪದ ಸಲ್ಲುತ್ತದೆ ಅಷ್ಟೇ' ಅನ್ನುವವರ ಪಕ್ಕದಲ್ಲಿ ಬೇಡ.